ಬಳಗದ ನಡತೆ ನಿಯಮದಲ್ಲಿ ವಚನವನ್ನು ಎಲ್ಲಿಡಬೇಕು

ತಿಪಟೂರು, ಗುಬ್ಬಿ ಕಡೆಯ ತೆಂಗು ಬೆಳೆಗಾರರು ಕೊಬ್ಬರಿ ಲೆಕ್ಕ ಇಟ್ಟುಕೊಳ್ಳಲು ಒಂದು ಸಣ್ಣ ತಂತ್ರಾಂಶವಿದೆ. ತುಮಕೂರಿನಲ್ಲಿ ನಾವು 12 ಮಂದಿ ಭಾನುವಾರಗಳಲ್ಲಿ ಕೂತು ಅದನ್ನು ಬರೆಯುತ್ತೇವೆ. ಓಪನ್ ಸೋರ್ಸ್, ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು. ಎರಡು ವರ್ಷದ ಹಿಂದೆ ಚಿಕ್ಕನಾಯಕನಹಳ್ಳಿ ಕಡೆಯ ಒಬ್ಬ ಹುಡುಗ ಮೊದಲ ಸಲ ಕೋಡ್ ಕಳಿಸಿದ. ತೂಕವನ್ನು ದಶಮಾಂಶದಲ್ಲಿ ಇಡುವ ಬದಲು ಗ್ರಾಂ ಲೆಕ್ಕದ ಪೂರ್ಣಾಂಕವಾಗಿ ಇಟ್ಟಿದ್ದ. ಹಳೆಯ ವರದಿಗಳೆಲ್ಲ ಕೆಟ್ಟು ಕೂತವು. ರಾತ್ರಿ ಹನ್ನೊಂದೂವರೆಗೆ, ಎಲ್ಲರಿಗೂ ಕಾಣುವ ಜಾಗದಲ್ಲಿ, ನಾನು ಬರೆದೆ: "ಲೆಕ್ಕ ಬರದಿದ್ದರೆ ದನ ಕಾಯೋಕೆ ಹೋಗು." ಅವನ ಅಪ್ಪ ದನ ಮೇಯಿಸಿಯೇ ಅವನನ್ನು ಓದಿಸಿದವರು. ಮರುದಿನದಿಂದ ಹುಡುಗ ಬಳಗದತ್ತ ತಲೆ ಹಾಕಲಿಲ್ಲ.

ನಾನು ಸಿದ್ಧಗಂಗೆಯ ಮಠದಲ್ಲಿ ಉಂಡು ಓದಿದವನು. ಬಸವಣ್ಣನವರ "ಕಳಬೇಡ ಕೊಲಬೇಡ" ವಚನ ನನಗೆ ಚಿಕ್ಕಂದಿನಿಂದ ಬಾಯಿಪಾಠ. "ಇದಿರ ಹಳಿಯಲು ಬೇಡ" ಅದರಲ್ಲೇ ಇದೆ. ಅಷ್ಟು ಚೆನ್ನಾಗಿ ಗೊತ್ತಿದ್ದ ಮಾತು ಆ ರಾತ್ರಿ ನನ್ನ ಕೈ ಹಿಡಿಯಲಿಲ್ಲ. ಬಳಗಕ್ಕೆ ಒಂದು ನಡತೆ ನಿಯಮ ಬೇಕೆಂದು ಹೊರಟದ್ದು ಆಮೇಲೆ. ನೀವೂ ನಿಮ್ಮ ಬಳಗಕ್ಕೆ ಬರೆಯಲು ಹೊರಟಿದ್ದರೆ, ನಿಮ್ಮ ಧರ್ಮದ ಒಳ್ಳೆಯ ಮಾತುಗಳನ್ನು ಅದರಲ್ಲಿ ಸೇರಿಸುವ ಆಸೆ ಇದ್ದರೆ, ನಾವು ಎಡವಿ ಕಲಿತದ್ದನ್ನು ಹೇಳುತ್ತೇನೆ.

ಬರೆಯುವ ಮೊದಲು ಎಸ್‌ಕ್ಯೂಲೈಟ್‌ನವರ ಕಥೆ ತಿಳಿದುಕೊಳ್ಳಿ. ನಮ್ಮ ಕೊಬ್ಬರಿ ಲೆಕ್ಕ ಕೂತಿರುವುದೇ ಆ ಡೇಟಾಬೇಸಿನಲ್ಲಿ. ನಿಮ್ಮ ಫೋನಿನಲ್ಲೂ ಅದು ಇದೆ. ಅದನ್ನು ಕಟ್ಟಿದ ರಿಚರ್ಡ್ ಹಿಪ್ ಅವರಿಗೆ ಕೆಲವು ಗ್ರಾಹಕ ಕಂಪನಿಗಳ ಅರ್ಜಿಗಳಲ್ಲಿ "ನಿಮ್ಮ ಕೋಡ್ ಆಫ್ ಕಂಡಕ್ಟ್ (ನಡತೆ ನಿಯಮ) ಯಾವುದು" ಎಂಬ ಖಾನೆ ತುಂಬಬೇಕಾಗಿ ಬಂತು. ಅವರು ಆರನೆಯ ಶತಮಾನದ ಕ್ರೈಸ್ತ ಸಂತ ಬೆನೆಡಿಕ್ಟ್ ತನ್ನ ಮಠವಾಸಿಗಳಿಗೆ ಬರೆದ ನಿಯಮದಿಂದ 72 ಸೂತ್ರಗಳನ್ನು ಎತ್ತಿ ಹಾಕಿದರು. ಮೊದಲನೆಯದೇ ದೇವರನ್ನು ಪೂರ್ಣ ಹೃದಯದಿಂದ ಪ್ರೀತಿಸು ಎಂಬುದು. ಉಪವಾಸವನ್ನು ಪ್ರೀತಿಸು, ಗೊಣಗಬೇಡ, ಹೊತ್ತು ಮುಳುಗುವ ಮೊದಲು ಎದುರಾಳಿಯೊಂದಿಗೆ ರಾಜಿಯಾಗು ಎಂಬವೂ ಇವೆ. 2018ರ ಅಕ್ಟೋಬರಿನಲ್ಲಿ ಇದು ಜನರ ಕಣ್ಣಿಗೆ ಬಿದ್ದು ದೊಡ್ಡ ಗದ್ದಲವಾಯಿತು. ಕೊನೆಗೆ ಅವರು ಅದರ ಹೆಸರನ್ನು ಕೋಡ್ ಆಫ್ ಎಥಿಕ್ಸ್ ಎಂದು ಬದಲಿಸಿದರು. ಇದನ್ನು ಯಾರೂ ಪಾಲಿಸಬೇಕಾಗಿಲ್ಲ, ಒಳ್ಳೆಯದೆಂದು ಒಪ್ಪಲೂಬೇಕಾಗಿಲ್ಲ ಎಂದು ಅಲ್ಲೇ ಸ್ಪಷ್ಟವಾಗಿ ಬರೆದಿದ್ದಾರೆ.

ಹಿಪ್ ಅವರ ಪ್ರಾಮಾಣಿಕತೆಯ ಬಗ್ಗೆ ನನಗೆ ಗೌರವವಿದೆ. ತಾನು ನಂಬಿದ್ದನ್ನು ಮುಚ್ಚಿಡದೆ ಹೇಳಿದರು. ಆದರೆ ಬಳಗದಲ್ಲಿ ಒಬ್ಬರಿಗೊಬ್ಬರು ಅವಮಾನ ಮಾಡಿದರೆ ಯಾರ ಬಳಿ ಹೇಳಬೇಕು, ಹೇಳಿದ ಮೇಲೆ ಏನಾಗುತ್ತದೆ ಎಂಬುದು ಆ 72ರಲ್ಲಿ ಎಲ್ಲೂ ಇಲ್ಲ. ಅದು ಒಬ್ಬ ಮನುಷ್ಯ ತನ್ನನ್ನು ತಾನು ತಿದ್ದಿಕೊಳ್ಳುವ ದಾರಿ. ಬಳಗದ ನಿಯಮ ಇನ್ನೊಬ್ಬರನ್ನು ಕಾಯುವುದಕ್ಕೆ ಇರುವಂಥದ್ದು.

ನಾನೂ ಅದೇ ತಪ್ಪು ಮಾಡಿದೆ. ನನ್ನ ಮೊದಲ ಕರಡಿನಲ್ಲಿ ಬಸವಣ್ಣನವರ ವಚನವೇ ನಿಯಮ. ಏಳು "ಬೇಡ"ಗಳು, ಕೊನೆಗೆ ಕೂಡಲಸಂಗಮದೇವರನ್ನು ಒಲಿಸುವ ಪರಿ ಇದು ಎಂಬ ಸಾಲು. ಬಳಗದಲ್ಲಿ ಶಿರಾದ ಒಬ್ಬ ಮುಸ್ಲಿಂ ಹುಡುಗಿ ಇದ್ದಾಳೆ, ಕೋಡ್ ಸರಿಯಿದೆಯೇ ಎಂದು ಪರೀಕ್ಷಿಸುವ ಟೆಸ್ಟ್‌ಗಳನ್ನು ನಮ್ಮೆಲ್ಲರಿಗಿಂತ ಚೆನ್ನಾಗಿ ಬರೆಯುವವಳು. ಓದಿ ಮೆಲ್ಲಗೆ ಕೇಳಿದಳು: "ಸರ್, ಏಳೂ ಒಪ್ತೀನಿ. ಆದ್ರೆ ಕೊನೇ ಸಾಲಿಗೂ ಒಪ್ಪಿಗೆ ಅಂತ ಒತ್ತಬೇಕಾ?" ಹಾಗಾದರೆ ಕೊನೆಯ ಸಾಲು ತೆಗೆದುಬಿಡೋಣ ಎಂದೆ. ಅದಕ್ಕೂ ಅವಳು ಒಪ್ಪಲಿಲ್ಲ. ವಚನದ ಅಂಕಿತ ಕತ್ತರಿಸುವುದು ಸರಿಯಲ್ಲ, ಇಡೀ ವಚನ ಬೇರೆ ಕಡೆ ಇರಲಿ ಎಂದಳು.

ಹಾಗಾಗಿ ಎರಡು ಕಡತ ಮಾಡಿ. ಒಂದು, ನಿಮ್ಮ ನಿಮ್ಮ ಮನೆಯಿಂದ, ಗುಡಿ ಮಸೀದಿ ಬಸದಿಯಿಂದ ತಂದ ಮಾತುಗಳಿಗೆ. ಅದಕ್ಕೆ ಯಾರ ಒಪ್ಪಿಗೆಯನ್ನೂ ಕೇಳಬೇಡಿ. ನಮ್ಮದರಲ್ಲಿ ವಚನ ಇಡಿಯಾಗಿದೆ. ಆ ಹುಡುಗಿ ಗೀಬತ್ ಬಗ್ಗೆ ಬರೆದಳು: ಎದುರಿಗಿಲ್ಲದವರ ಬಗ್ಗೆ ಅವರಿಗೆ ನೋವಾಗುವ ಮಾತಾಡುವುದು, ಅದು ನಿಜವಾಗಿದ್ದರೂ ಪಾಪ ಎಂದು. ಮಂದರಗಿರಿ ಹತ್ತಿರದ ಜೈನ ಹುಡುಗ ವರ್ಷಕ್ಕೊಮ್ಮೆ "ಮಿಚ್ಛಾಮಿ ದುಕ್ಕಡಂ" ಎಂದು ಎಲ್ಲರ ಕ್ಷಮೆ ಕೇಳುವ ತಮ್ಮ ಮನೆಯ ರೂಢಿ ಬರೆದ. ದೇವರನ್ನು ನಂಬದ ಒಬ್ಬರು ತಮ್ಮ ಅಜ್ಜಿಯ ಮಾತೊಂದನ್ನು ಹಾಕಿದರು.

ಎರಡನೆಯ ಕಡತ ನಿಯಮದ್ದು. ಮೊದಲನೆಯದರಿಂದ ಇಲ್ಲಿಗೆ ಒಂದು ಮಾತು ದಾಟಿ ಬರಬೇಕಾದರೆ ನಾವು ಒಂದೇ ಪ್ರಶ್ನೆ ಕೇಳುತ್ತೇವೆ: ಇದು ನಡೆದಿದೆಯೋ ಇಲ್ಲವೋ ಎಂದು ಮೂರನೆಯವರು ನೋಡಿ ಹೇಳಬಹುದೇ? "ಕಳಬೇಡ" ಸುಲಭವಾಗಿ ದಾಟಿತು: ಬೇರೆಯವರ ಕೋಡ್ ತಂದರೆ ಅವರ ಹೆಸರು, ಲೈಸೆನ್ಸ್ ಅಳಿಸಬಾರದು. "ಹುಸಿಯ ನುಡಿಯಲು ಬೇಡ" ಕೂಡ: ಟೆಸ್ಟ್ ಓಡಿಸದೆ ಓಡಿಸಿದೆ ಎನ್ನಬಾರದು. "ಇದಿರ ಹಳಿಯಲು ಬೇಡ" ಎಂಬುದನ್ನು ಹೀಗೆ ಬರೆದೆವು: ಕೋಡಿನ ತಪ್ಪು ಹೇಳಿ, ಬರೆದವರ ಬುದ್ಧಿ, ಊರು, ಕಸುಬು, ಮನೆತನ ಎತ್ತಬೇಡಿ. "ಮುನಿಯಬೇಡ" ಮಾತ್ರ ಹಾಗೇ ದಾಟಲಿಲ್ಲ. ಮುನಿಸು ಒಳಗಿನದು, ಅದಕ್ಕೆ ಸಾಕ್ಷಿ ಎಲ್ಲಿ? ಬದಲಿಗೆ, ಸಿಟ್ಟು ಬಂದಾಗ ಉತ್ತರವನ್ನು ಒಂದು ರಾತ್ರಿ ತಡೆಹಿಡಿಯಿರಿ ಎಂದು ಸಲಹೆಯಾಗಿ ಇಟ್ಟೆವು. "ತನ್ನ ಬಣ್ಣಿಸಬೇಡ" ಮೊದಲ ಕಡತದಲ್ಲೇ ಉಳಿಯಿತು.

ಮಠದಿಂದ ನಾನು ತಂದದ್ದರಲ್ಲಿ ಬಳಗಕ್ಕೆ ಹೆಚ್ಚು ಉಪಯೋಗಕ್ಕೆ ಬಂದದ್ದು ದಾಸೋಹ. ದಾನದಲ್ಲಿ ಕೊಡುವ ಕೈ ಮೇಲೆ. ದಾಸೋಹದಲ್ಲಿ ಬಡಿಸುವವನೇ ಸೇವಕ. ಪಂಕ್ತಿಯಲ್ಲಿ ಹೊಸ ಹುಡುಗ ತಟ್ಟೆ ಹಿಡಿದು ನಿಂತರೆ ಮುದ್ದೆ ಸಾರು ಬೀಳುತ್ತದೆ, ನೀನು ಯಾರು ಎಂದು ಯಾರೂ ಕೇಳುವುದಿಲ್ಲ. ಅದರಿಂದ ಬಂದ ನಿಯಮ: ಮೊದಲ ಸಲ ಕೋಡ್ ಕಳಿಸಿದವರಿಗೆ 7 ದಿನದೊಳಗೆ ಉತ್ತರ ಹೋಗಬೇಕು, ಬೇಡ ಎನ್ನುವುದಿದ್ದರೆ ಕಾರಣ ಹೇಳಬೇಕು, ಮುಂದೇನು ಮಾಡಬಹುದೆಂದೂ ತಿಳಿಸಬೇಕು.

"ಕಾಯಕವೇ ಕೈಲಾಸ"ವನ್ನು ಮಾತ್ರ ದಯವಿಟ್ಟು ನಿಯಮದೊಳಗೆ ತರಬೇಡಿ. ನನಗೆ ಬಹಳ ಪ್ರೀತಿಯ ಮಾತು, ಆದರೂ ಹೇಳುತ್ತೇನೆ. ಸಂಬಳವಿಲ್ಲದೆ ದುಡಿಯುವ ಬಳಗದಲ್ಲಿ ಅದು "ಇವತ್ತು ಆಗಲ್ಲ" ಎನ್ನುವವರ ಬಾಯಿ ಮುಚ್ಚಿಸಲು ಬಳಕೆಯಾಗುತ್ತದೆ.

ನಿಯಮವನ್ನು ಸೊನ್ನೆಯಿಂದ ಬರೆಯಬೇಕಿಲ್ಲ. ಕೋರಲೈನ್ ಅಡಾ ಎಮ್‌ಕೆ 2014ರಲ್ಲಿ ಆರಂಭಿಸಿದ ಕಾಂಟ್ರಿಬ್ಯೂಟರ್ ಕವನೆಂಟ್ ಎಂಬ ಸಿದ್ಧ ನಡತೆ ನಿಯಮವನ್ನು ಬುನಾದಿಯಾಗಿ ಇಟ್ಟುಕೊಳ್ಳಿ. 2018ರ ಸೆಪ್ಟೆಂಬರಿನಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನೆಲ್‌ನವರೂ ಅದನ್ನೇ ಆಧಾರವಾಗಿ ಸ್ವೀಕರಿಸಿದರು. ನೀವು 2.1 ಆವೃತ್ತಿಯನ್ನೇ ತೆಗೆದುಕೊಳ್ಳಿ. ಯಾರನ್ನೂ ಯಾವ ಕಾರಣಕ್ಕೂ ಕೀಳಾಗಿ ಕಾಣಬಾರದು ಎಂಬ ಪಟ್ಟಿಯಲ್ಲಿ ಧರ್ಮ ಮೊದಲಿನಿಂದ ಇತ್ತು. ಜಾತಿ ಎಂಬ ಪದ ಬಂದದ್ದು ಈ ಆವೃತ್ತಿಯಲ್ಲಿ. ನಮ್ಮ ಕಡೆ ಆ ಒಂದು ಪದ ಇಲ್ಲದ ನಿಯಮ ಅರ್ಧ ನಿಯಮ. ನಾನು ಬರೆದ "ದನ ಕಾಯೋಕೆ ಹೋಗು" ಯಾವ ಬೈಗುಳದ ಪಟ್ಟಿಯಲ್ಲೂ ಸಿಗುವುದಿಲ್ಲ, ಆದರೆ ಅದು ಎಲ್ಲಿಂದ ಬಂತೆಂದು ತುಮಕೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ ಕನ್ನಡಕ್ಕೆ ತರುವಾಗ ಇಂಥ ನಮ್ಮ ನೆಲದ ಉದಾಹರಣೆಗಳನ್ನು ನೀವೇ ಸೇರಿಸಿ. ತಪ್ಪು ಮಾಡಿದವರ ಮೇಲಿನ ಕ್ರಮಗಳು ಆ ಕವನೆಂಟಿನಲ್ಲಿ ನಾಲ್ಕು ಮೆಟ್ಟಿಲಾಗಿವೆ: ತಿದ್ದಿ ಹೇಳುವುದು, ಎಚ್ಚರಿಕೆ, ಕೆಲಕಾಲ ಹೊರಗಿಡುವುದು, ಪೂರ್ತಿ ಹೊರಗಿಡುವುದು.

ದೂರು ಕೇಳಲು ಇಬ್ಬರಿರಲಿ. ಇಬ್ಬರೂ ಒಂದೇ ಜಾತಿಯವರಾಗಬಾರದು, ಒಬ್ಬರಾದರೂ ಹೆಣ್ಣುಮಗಳಿರಬೇಕು, ಒಬ್ಬರು ಕೋಡ್ ಬರೆಯದವರಾಗಿರಬೇಕು. ನಮಗೆ ಕ್ಯಾತ್ಸಂದ್ರದ ಒಬ್ಬ ಹೈಸ್ಕೂಲ್ ಮೇಡಂ ಒಪ್ಪಿಕೊಂಡರು. ದೂರು ನನ್ನ ಮೇಲೆ ಬಂದರೆ ನಾನು ಆ ಕೋಣೆಯಲ್ಲೇ ಇರುವುದಿಲ್ಲ. ಮೊದಲು ಬರೆಸಿದ ಸಾಲು ಅದೇ.

ಕ್ಷಮೆಯ ವಿಷಯದಲ್ಲಿ ಹುಷಾರಾಗಿರಿ. ಎಲ್ಲ ಧರ್ಮಗಳೂ ಕ್ಷಮಿಸು ಎನ್ನುತ್ತವೆ, ಬೆನೆಡಿಕ್ಟನ ನಿಯಮ ಹೊತ್ತು ಮುಳುಗುವ ಗಡುವು ಹಾಕುತ್ತದೆ. ಬಳಗದ ನಿಯಮ ನೊಂದವರಿಂದ ಕ್ಷಮೆಯನ್ನು ಕೇಳಿ ಪಡೆಯಬಾರದು. ತಪ್ಪು ಮಾಡಿದವರಿಗಷ್ಟೇ ಕೆಲಸ ಹೇಳಬೇಕು: ಎಲ್ಲಿ ಅಂದರೋ ಅಲ್ಲೇ, ಎಲ್ಲರೆದುರು, "ನೋವಾಗಿದ್ದರೆ" ಎಂಬ "ಆಗಿದ್ದರೆ" ಇಲ್ಲದೆ, ಏನು ಅಂದೆ ಎಂಬುದನ್ನು ಹೇಳಿ ತಪ್ಪೊಪ್ಪಿಕೊಳ್ಳಬೇಕು.

ನಾನು ಹಾಗೆ ಬರೆದೆ. ಆಮೇಲೆ ಬಸ್ ಹತ್ತಿ ಹುಡುಗನ ಊರಿಗೂ ಹೋದೆ. ಅವನ ಅಪ್ಪ ಕೊಟ್ಟಿಗೆಯಿಂದ ಬಂದು ಕೈ ತೊಳೆದುಕೊಂಡು, "ಮೇಷ್ಟ್ರು ಬಂದವ್ರೆ" ಎಂದು ಎಳನೀರು ಕೆತ್ತಿಕೊಟ್ಟರು. ಹುಡುಗ ಮನೆಯಲ್ಲಿ ಏನನ್ನೂ ಹೇಳಿರಲಿಲ್ಲ. ನಾನು ಮಾತು ಮುಗಿಸಿದ ಮೇಲೆ ನೆಲ ನೋಡುತ್ತಾ "ಬಿಡಿ ಸರ್" ಎಂದ, ಅಷ್ಟೇ. ಬಳಗಕ್ಕೆ ಮರಳಲಿಲ್ಲ. ಕರೆಯುವ ಹಕ್ಕು ನನಗೆ ಉಳಿದಿರಲಿಲ್ಲ, ಕರೆಯಲೂ ಇಲ್ಲ.

ಆರು ತಿಂಗಳಾದ ಮೇಲೆ ತಿಪಟೂರಿನ ಒಂದು ಮಂಡಿಯಲ್ಲಿ ನಮ್ಮ ಲೆಕ್ಕದ ಮೊತ್ತಕ್ಕೂ ಕೈಬರಹದ ಚೀಟಿಗಳ ಮೊತ್ತಕ್ಕೂ ಕೆಲವು ಪೈಸೆ ವ್ಯತ್ಯಾಸ ಬಂತು. ದಶಮಾಂಶದಲ್ಲಿ ಇಟ್ಟ ತೂಕಗಳನ್ನು ಕೂಡುತ್ತಾ ಹೋದಂತೆ ಜಾರಿದ ಲೆಕ್ಕ ಅದು. ಅವನ ಕೋಡನ್ನೇ ತೆಗೆದು, ಹಳೆಯ ವರದಿಗಳನ್ನು ಅದಕ್ಕೆ ಹೊಂದಿಸಿ ಸೇರಿಸಿದೆವು. ಕೋಡಿನಲ್ಲಿ ಯಾರು ಏನು ಬರೆದರೆಂಬ ಇತಿಹಾಸದಲ್ಲಿ ಆ ಸಾಲುಗಳು ಅವನ ಹೆಸರಿನಲ್ಲೇ ಇವೆ.