ಗುಳಿಗೆ ಗೂಡಿನಲ್ಲೇ ಯಾಕೆ ಉಳಿಯುತ್ತಿತ್ತು?

ಗರ್ಭಿಣಿಯರ ರಕ್ತಹೀನತೆಗೆ ಸರ್ಕಾರ ಕೊಡುವ ಕೆಂಪು ಕಬ್ಬಿಣಾಂಶದ ಗುಳಿಗೆ ಊರಿಗೆ ಬರುತ್ತಿರಲಿಲ್ಲ ಅಂತಲ್ಲ. ಕೊಪ್ಪಳ ಕಡೆಯ ಹಳ್ಳಿಗಳಲ್ಲಿ ನಾವು ಕೆಲಸ ಶುರು ಮಾಡಿದಾಗ ಆಶಾ ಕಾರ್ಯಕರ್ತೆಯರ ಬಳಿ ಗುಳಿಗೆ ಇತ್ತು, ಕೊಟ್ಟ ಲೆಕ್ಕವೂ ಇತ್ತು. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ನುಂಗಬೇಕು. ನುಂಗುವವರು ಮಾತ್ರ ಕಡಿಮೆ. ಇಂಥ ಹೊತ್ತಲ್ಲಿ ಇನ್ನೊಂದು ಪೋಸ್ಟರ್ ಅಂಟಿಸೋಣ ಅನ್ನುವವರೇ ಜಾಸ್ತಿ. ನಾವು ಹ್ಯೂಮನ್ ಸೆಂಟರ್ಡ್ ಡಿಸೈನ್ ದಾರಿ ಹಿಡಿದೆವು. ಹೆಸರು ದೊಡ್ಡದು, ಮಾಡಿದ್ದು ಇಷ್ಟೇ: ನುಂಗಬೇಕಾದವಳ ದಿನ ಹೇಗೆ ಕಳೆಯುತ್ತದೆ ಅಂತ ಮೊದಲು ನೋಡುವುದು, ಪರಿಹಾರವನ್ನು ಅವಳ ಜೊತೆಗೇ ಕೂತು ಹುಡುಕುವುದು.

"ಗುಳಿಗೆ ತಗೋತೀರಾ?" ಅಂದರೆ "ಹೂನ್ರಿ" ಅಂತಲೇ ಉತ್ತರ. ಅದಕ್ಕೆ ಆ ಪ್ರಶ್ನೆ ಬಿಟ್ಟು, "ನಿನ್ನೆ ಎದ್ದಾಗಿನಿಂದ ಏನೇನು ಮಾಡಿದಿ, ಹೇಳವ್ವ" ಅಂದೆವು. ಗುಳಿಗೆ ಎಲ್ಲಿಟ್ಟಿದ್ದಾರೆ ಅಂತ ತೋರಿಸಲು ಕೇಳಿದೆವು. ಗೋಡೆಯ ಗೂಡಿನಿಂದ ಒಂದೂ ಬಿಚ್ಚದ ಸ್ಟ್ರಿಪ್‌ಗಳು ಹೊರಬಂದವು. ಬರೀ ಚಹಾ ಕುಡಿದು ಕೂಲಿಗೆ ಹೋಗುವಾಕೆ ಅದರ ಜೊತೆಗೇ ಗುಳಿಗೆ ನುಂಗಿ ಹೊಲದಲ್ಲಿ ವಾಂತಿ ಮಾಡಿಕೊಂಡಿದ್ದಳು. ಚಹಾ ಬೇರೆ ಕಬ್ಬಿಣಾಂಶ ಮೈಗೆ ಹತ್ತಲು ಬಿಡುವುದಿಲ್ಲ. ಮಲ ಕಪ್ಪಗಾಯಿತು ಅಂತ ಹೆದರಿ ಬಿಟ್ಟವರೂ ಇದ್ದರು. ಅತ್ತೆಯರ ಮಾತು ಇನ್ನೊಂದು: "ಗುಳಿಗಿ ನುಂಗಿದ್ರ ಕೂಸು ದಪ್ಪ ಆಕ್ಕೈತ್ರಿ, ಹೆರಿಗಿ ಕಷ್ಟ." ನನಗೆ ಇದು ಮೂಢನಂಬಿಕೆ ಅನ್ನಿಸಲಿಲ್ಲ. ಆಸ್ಪತ್ರೆ ಕೈಗೆಟುಕದ ಕಾಲದಲ್ಲಿ ಹೆತ್ತವರ ಭಯ ಅದು. ಮುಂದಿನ ಮಾತುಕತೆಗೆಲ್ಲ ಅತ್ತೆಯರನ್ನೂ ಕೂರಿಸಿಕೊಂಡೆವು.

ರಾತ್ರಿ ಊಟದ ನಂತರ ನುಂಗಿದರೆ ಹೊಟ್ಟೆ ತೊಳಸುವುದು ಕಡಿಮೆ. ಕ್ಯಾಲ್ಸಿಯಂ ಗುಳಿಗೆ ಬೇರೆ ಹೊತ್ತಿಗೆ, ಎರಡೂ ಒಟ್ಟಿಗೆ ಬೇಡ. ನೆನಪಿಗೆ ಅಂತ ಟಿಕ್ ಹಾಕುವ ಕ್ಯಾಲೆಂಡರ್ ಕೊಟ್ಟು ನೋಡಿದೆವು. ಪೆನ್ನು ಹುಡುಕಿ ಟಿಕ್ ಹಾಕುತ್ತಾ ಕೂರಲು ಯಾರಿಗೆ ಪುರುಸೊತ್ತು? ರೊಟ್ಟಿ ಬುಟ್ಟಿ ಪಕ್ಕದ ಮೊಳೆಗೆ ಸಣ್ಣ ಬಟ್ಟೆ ಚೀಲ ನೇತುಹಾಕುವ ಉಪಾಯ ಹೆಂಗಸರದ್ದೇ. ಅದು ರೂಢಿಯಾಗಿ ಉಳಿಯಿತು.

ದೊಡ್ಡ ತೂತು ಇದ್ದದ್ದು ಬೇರೆ ಕಡೆ. ಚೊಚ್ಚಲ ಬಸುರಿ ಕುಬಸ, ಅಂದರೆ ಸೀಮಂತ, ಮುಗಿಸಿ ತವರಿಗೆ ಹೋಗುತ್ತಾಳೆ. ಗುಳಿಗೆ ಗಂಡನ ಮನೆಯಲ್ಲೇ ಉಳಿಯುತ್ತದೆ. ಈ ಊರಿನ ಆಶಾ ಕಣ್ಣಿಗೆ ಅವಳಿಲ್ಲ, ಆ ಊರಿನ ಆಶಾಗೆ ಅವಳು ಬಂದದ್ದೇ ಗೊತ್ತಿಲ್ಲ. ಕಾಗದದಲ್ಲಿ ಇದೆಲ್ಲೂ ಕಾಣುವುದಿಲ್ಲ, ಅಲ್ವಾ? ದಾರಿ ತೋರಿಸಿದ್ದು ಒಬ್ಬ ಆಶಾ ಅಕ್ಕ. ಕುಬಸದ ದಿನ ಯಾವಾಗ ಅಂತ ಮೊದಲೇ ಕೇಳಿಟ್ಟುಕೊಳ್ಳೋಣ, ಉಡಿ ತುಂಬುವ ಹೊತ್ತಿಗೆ ಹೆರಿಗೆವರೆಗಿನ ಗುಳಿಗೆ ಮತ್ತು ತಾಯಿ ಕಾರ್ಡ್ ಅದೇ ಚೀಲಕ್ಕೆ ಹಾಕಿ ಅವಳ ತಾಯಿಯ ಕೈಗೆ ಕೊಡೋಣ ಅಂದರು. ಹಾಗೇ ಮಾಡಿ, ತವರಿನ ಆಶಾಗೆ ಒಂದು ಫೋನನ್ನೂ ಸೇರಿಸಿದೆವು.

ಹೆರಿಗೆ ಆದ ಮೇಲೂ 180 ದಿನ ಗುಳಿಗೆ ಇದೆ. ಬಾಣಂತನ ಮುಗಿಸಿ ಗಂಡನ ಮನೆಗೆ ಬರುವಾಗ ಇದೇ ಕೆಲಸವನ್ನು ಆ ಕಡೆಯಿಂದ ಮಾಡಬೇಕು. ಅದು ಇನ್ನೂ ಕೂಡಿಬಂದಿಲ್ಲ. ಕುಬಸಕ್ಕಾದರೆ ಮೊದಲೇ ದಿನ ಗೊತ್ತು ಮಾಡುತ್ತಾರೆ, ಬಾಣಂತಿ ಯಾವತ್ತು ಹೊರಡುತ್ತಾಳೋ ಅವಳ ಮನೆಯವರಿಗೂ ಹಿಂದಿನ ದಿನದವರೆಗೆ ಗೊತ್ತಿರುವುದಿಲ್ಲ.