ತುಮಕೂರಿನಿಂದ ಹುಲಿ, ಚಿರತೆಗಳ ಛಾಯಾಗ್ರಹಣಕ್ಕೆ ಹೊರಡುವವರಿಗೆ

ದೇವರಾಯನದುರ್ಗದ ಸುತ್ತ ಚಿರತೆಗಳಿದ್ದರೂ ಕ್ಯಾಮೆರಾ ಹಿಡಿದು ಅವುಗಳನ್ನು ಹುಡುಕುತ್ತ ಕಾಲ್ನಡಿಗೆಯಲ್ಲಿ ಅಲೆಯುವುದು ಅಪಾಯಕರವಾದ್ದರಿಂದ, ತುಮಕೂರಿನ ಹವ್ಯಾಸಿಗಳು ಮಾರ್ಗದರ್ಶಕರಿರುವ ಸಫಾರಿಯನ್ನೇ ಆರಿಸಿಕೊಳ್ಳಬೇಕು. ನಾಗರಹೊಳೆಯ ಕಬಿನಿ ಹಿನ್ನೀರು ಪ್ರದೇಶವನ್ನೂ 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರವನ್ನೂ ಮೈಸೂರಿನ ಮಾರ್ಗವಾಗಿ ತಲುಪಬಹುದು. ಸಫಾರಿ ನಡೆಯುತ್ತಿದೆಯೇ, ಕ್ಯಾಮೆರಾಕ್ಕೆ ಶುಲ್ಕವೆಷ್ಟು ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಿ.

ನೀರು ಬತ್ತಿ ಪ್ರಾಣಿಗಳು ಹಿನ್ನೀರಿನ ಅಂಚಿಗೆ ಬರುವ ಮಾರ್ಚ್‌ನಿಂದ ಮೇವರೆಗಿನ ಅವಧಿ ಅನುಕೂಲಕರ.

ಒಳ್ಳೆಯ ಮಾರ್ಗದರ್ಶಕರ ನಿಜವಾದ ಬೆಲೆ ತಿಳಿಯುವುದು ಕಾಡು ಮೌನವಾಗಿರುವಾಗ. ಜಿಂಕೆ, ಮುಸುವಗಳ ಎಚ್ಚರಿಕೆಯ ಕೂಗು ಬಂದ ದಿಕ್ಕನ್ನೂ ಮಣ್ಣಿನ ಮೇಲಿನ ಹೆಜ್ಜೆಗುರುತು ಎಷ್ಟು ಹೊಸದೆಂಬುದನ್ನೂ ಗಮನಿಸಿ ಅವರು ವಾಹನ ನಿಲ್ಲಿಸಿದರೆ, ಅವಸರಪಡಿಸದೆ ಕಾಯಬೇಕು. ಜಿಂಕೆಗಿಂತ ಕಡವೆಯ ಕೂಗು ಹೆಚ್ಚು ನಂಬಿಕೆಗೆ ಅರ್ಹ.

ಜೀಪಿನಲ್ಲಿ ಟ್ರೈಪಾಡ್‌ಗೆ ಜಾಗವಿರುವುದಿಲ್ಲ. ರಾಗಿ ತುಂಬಿದ ಬಟ್ಟೆಯ ಚೀಲದ ಮೇಲೆ ಲೆನ್ಸ್ ಇರಿಸಿದರೆ ಸಾಕು. 100–400 ಮಿ.ಮೀ. ಜೂಮ್ ಲೆನ್ಸ್ ಬಹುತೇಕ ಸಂದರ್ಭಗಳಿಗೆ ಒದಗುತ್ತದೆ. ನಡೆಯುವ ಹುಲಿಗೆ ಸೆಕೆಂಡಿನ 1/500, ಓಡುವುದಕ್ಕೆ 1/1000 ಅಥವಾ ಅದಕ್ಕಿಂತ ವೇಗದ ಷಟರ್ ಇರಲಿ; ಮುಂಜಾನೆಯ ಮಂದ ಬೆಳಕಿನಲ್ಲಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆಯ ಮಟ್ಟ) ಹೆಚ್ಚಿಸಲು ಹಿಂಜರಿಯಬೇಡಿ, ಏಕೆಂದರೆ ಅಲುಗಿದ ಚಿತ್ರವನ್ನು ಆಮೇಲೆ ಸರಿಪಡಿಸುವುದು ಕಷ್ಟ. ಫ್ಲ್ಯಾಶ್ ಬಳಸಲೇಬಾರದು, ಇನ್ನಷ್ಟು ಹತ್ತಿರ ಹೋಗುವಂತೆ ಚಾಲಕರನ್ನು ಒತ್ತಾಯಿಸಲೂಬಾರದು.