ಕರಿಬೇವಿನ ಎಲೆಗೆ ತೂತು ಬಿದ್ದರೆ ಬೀಳಲಿ ಬಿಡಿ

ಮನೆಯಂಗಳಕ್ಕೆ ಹಕ್ಕಿ, ಚಿಟ್ಟೆ ಬರಲಿ ಅಂತ ಆಸೆಪಡುವವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಒಂದು ತಟ್ಟೆ ಕಾಳು ಇಡುವುದು. ಕಾಳಿಗೆ ಬರುವುದು ಪಾರಿವಾಳ. ರಾತ್ರಿ ಇಲಿ. ಇಲಿಯ ಹಿಂದೆ ಕೇರೆ ಹಾವು. ಅಲ್ಲಿಗೆ ಮನೆಯವರ ಉತ್ಸಾಹ ಮುಗಿಯಿತು.

ಕಾಳು ಬೇಡ, ಗಿಡದಿಂದ ಶುರು ಮಾಡಿ. ಅದರಲ್ಲೂ ಹುಳಗಳಿಗೆ ಊಟವಾಗುವ ಗಿಡ. ಸೂರಕ್ಕಿ ದಿನವಿಡೀ ಮಕರಂದ ಹೀರುತ್ತದೆ, ಗುಬ್ಬಚ್ಚಿ ಕಾಳು ಹೆಕ್ಕುತ್ತದೆ. ಆದರೆ ಮರಿಗಳಿಗೆ ಎರಡೂ ತಂದು ತಿನ್ನಿಸುವುದು ಹುಳ-ಹುಪ್ಪಟೆಯನ್ನೇ. ಹುಳವಿಲ್ಲದ ತೋಟಕ್ಕೆ ಹಕ್ಕಿ ಬಂದು ಹೋಗುತ್ತದೆ ಅಷ್ಟೇ, ಸಂಸಾರ ಹೂಡುವುದಿಲ್ಲ. ಇದಕ್ಕೆ ಎಕರೆಗಟ್ಟಲೆ ಜಾಗವೇನೂ ಬೇಡ. 30x40 ಸೈಟಿನ ಪಕ್ಕದ ಮೂರಡಿ ಓಣಿಯೋ, ತಾರಸಿಯ ಮೇಲಿನ ಹತ್ತು ಕುಂಡಗಳೋ ಸಾಕು.

1. ಮೊದಲು ಔಷಧಿ ನಿಲ್ಲಿಸಿ

"ನಾವು ಕೆಮಿಕಲ್ ಹೊಡೆಯಲ್ಲ, ಬೇವಿನೆಣ್ಣೆ ಮಾತ್ರ" ಅನ್ನುವವರು ಬಹಳ ಜನ. ಇದು ಚಿಟ್ಟೆಯ ಹುಳ, ಇದು ಬೆಳೆ ಹಾಳುಮಾಡುವ ಹುಳ ಅಂತ ಬೇವಿನೆಣ್ಣೆಗೆ ಗೊತ್ತಾಗುವುದಿಲ್ಲ. ಹುಳ ಪೊರೆ ಕಳಚಿ ಬೆಳೆಯುವುದನ್ನೇ ಅದು ತಡೆಯುತ್ತದೆ. ಹಾಗಾಗಿ ಅದೂ ಬೇಡ.

ಗಿಡಕ್ಕೆ ಹೇನು ಹತ್ತಿದರೆ ಪೈಪಿನಿಂದ ಜೋರಾಗಿ ನೀರು ಬಿಡಿ. ದಾಸವಾಳಕ್ಕೆ ಬಿಳಿ ಹಿಟ್ಟು ತಿಗಣೆ ಬಂದರೆ ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ತೀರಾ ಜಾಸ್ತಿಯಾದರೆ ಆ ಟೊಂಗೆ ಕತ್ತರಿಸಿ. ಒಂದಿಷ್ಟು ಹೇನು ಉಳಿದರೆ ಒಳ್ಳೆಯದೇ, ಅದನ್ನೇ ತಿಂದು ಬದುಕುವ ಗುಲಗಂಜಿ ಹುಳ ಹುಡುಕಿಕೊಂಡು ಬರುತ್ತದೆ. ಹೊಸ ಗಿಡ ತರುವಾಗ ಔಷಧಿ ಹೊಡೆದಿದ್ದೀರಾ ಅಂತ ನರ್ಸರಿಯವರನ್ನು ಕೇಳಿ.

ಗುಲಾಬಿ ಎಲೆಯ ಅಂಚಿನಲ್ಲಿ ಕತ್ತರಿಯಿಂದ ಕತ್ತರಿಸಿದಂತೆ ಅರ್ಧಚಂದ್ರದ ತುಂಡು ಮಾಯವಾಗಿದ್ದರೆ ಅದು ರೋಗವಲ್ಲ. ಎಲೆ ಕತ್ತರಿಸುವ ಒಂಟಿ ಜೇನು ತನ್ನ ಗೂಡಿಗೆ ಹಾಸಲು ಒಯ್ದಿದೆ.

2. ಎಲೆ ಅವಕ್ಕೂ ಇರಲಿ

ಚಿಟ್ಟೆಗೆ ಹೂವಿದ್ದರೆ ಸಾಕು ಅಂದುಕೊಳ್ಳುತ್ತೇವೆ. ಹೂವಿಗೆ ಬರುವ ಚಿಟ್ಟೆ ಪಕ್ಕದ ಬೀದಿಯಲ್ಲಿ ಹುಟ್ಟಿದ್ದೂ ಇರಬಹುದು. ನಿಮ್ಮಲ್ಲೇ ಹುಟ್ಟಬೇಕಾದರೆ ಮೊಟ್ಟೆಯಿಡಲು ಅದಕ್ಕೆ ಬೇಕಾದ ಗಿಡವೇ ಬೇಕು. ಈ ವಿಷಯದಲ್ಲಿ ಅವು ಮಹಾ ಹಟಮಾರಿಗಳು.

ಅದೃಷ್ಟಕ್ಕೆ ಒಂದು ಗಿಡ ಹೆಚ್ಚುಕಡಿಮೆ ಎಲ್ಲ ಮನೆಗಳಲ್ಲೂ ಇದೆ. ಕರಿಬೇವು. ಕಾಮನ್ ಮಾರ್ಮನ್ ಅನ್ನುವ ದೊಡ್ಡ ಕಪ್ಪು ಚಿಟ್ಟೆ ಅದರ ಚಿಗುರೆಲೆಯ ಮೇಲೆ ಸಾಸಿವೆಗಿಂತ ಚಿಕ್ಕ ತಿಳಿಹಳದಿ ಮೊಟ್ಟೆ ಇಡುತ್ತದೆ. ಮರಿಹುಳ ನೋಡಲು ಥೇಟ್ ಹಕ್ಕಿ ಹಿಕ್ಕೆ. ಯಾರೂ ತಿನ್ನದಿರಲಿ ಅಂತ ಆ ವೇಷ. ಬೆಳೆದ ಮೇಲೆ ಎಲೆಯಷ್ಟೇ ಹಸಿರಾಗಿ, ತಲೆಯ ಹಿಂದೆ ಸುಳ್ಳು ಕಣ್ಣುಗಳು ಮೂಡುತ್ತವೆ. ಮುಟ್ಟಿ ನೋಡಿ, ಕೆಂಪು ಕವಲು ಕೋಡು ಹೊರಚಾಚಿ ಗಾಟು ವಾಸನೆ ಬಿಡುತ್ತದೆ. ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ತಮಾಷೆ ಬೇರೆ ಇಲ್ಲ. ಮೊಟ್ಟೆಯಿಂದ ಚಿಟ್ಟೆಯಾಗಲು ಸುಮಾರು ಒಂದು ತಿಂಗಳು.

ಹಾಗಾದರೆ ಒಗ್ಗರಣೆಗೆ? ಎರಡು ಗಿಡ ಹಾಕಿ, ಒಂದು ಅಡುಗೆಮನೆಗೆ, ಒಂದು ಅವಕ್ಕೆ. ಅಡುಗೆಯ ಗಿಡದಲ್ಲಿ ಹುಳ ಕಂಡರೆ ಎಲೆ ಸಮೇತ ಇನ್ನೊಂದಕ್ಕೆ ದಾಟಿಸಿ. ಬೋಳಾದ ಕರಿಬೇವು ಮತ್ತೆ ಚಿಗುರುತ್ತದೆ.

ನಿಂಬೆ ಗಿಡಕ್ಕೆ ಲೈಮ್ ಚಿಟ್ಟೆ ಬರುತ್ತದೆ. ಕಾಂಪೌಂಡ್ ಪಕ್ಕ ಉದ್ದಕ್ಕೆ ಬೆಳೆಯುವ ಅಶೋಕಕ್ಕೆ ಹಸಿರು ಚುಕ್ಕೆಯ ಟೇಲ್ಡ್ ಜೇ. ಎಕ್ಕಕ್ಕೆ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಕಷ್ಟ, ಚಿಕ್ಕ ಮಕ್ಕಳಿರುವ ಮನೆಯಲ್ಲಿ ಯೋಚಿಸಿ ನೆಡಿ.

ಬಳ್ಳಿ ಹಬ್ಬಿಸಲು ಒಂದು ತಂತಿಯಿದ್ದರೆ ಈಶ್ವರಿ ಬಳ್ಳಿ ಹಾಕಿ. ಇದರ ಎಲೆಯಲ್ಲಿ ವಿಷವಿದೆ. ಅದನ್ನು ತಿಂದು ಬೆಳೆಯುವ ಕಾಮನ್ ರೋಸ್ ಚಿಟ್ಟೆಯ ಮೈಯಲ್ಲೂ ವಿಷ ಉಳಿಯುತ್ತದೆ, ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಕರಿಬೇವು ತಿಂದ ಮಾರ್ಮನ್‌ಗೆ ವಿಷವಿಲ್ಲ. ಆದರೆ ಅದರ ಕೆಲವು ಹೆಣ್ಣುಗಳು ಕಾಮನ್ ರೋಸ್‌ನಂತೆಯೇ ಬಣ್ಣ ತೊಟ್ಟು ಹಕ್ಕಿಗಳನ್ನು ಯಾಮಾರಿಸುತ್ತವೆ! ಎರಡೂ ಗಿಡ ಇದ್ದರೆ ಅಸಲಿ, ನಕಲಿ ಎರಡನ್ನೂ ನಿಮ್ಮ ಅಂಗಳದಲ್ಲೇ ನೋಡಬಹುದು. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೂ ಇದೇ ಬಳ್ಳಿ ಬೇಕು. ಅದು ಘಟ್ಟದ ಸೀಮೆಯ ಚಿಟ್ಟೆ. ಮಲೆನಾಡಿನವರಿಗೆ ಸಿಕ್ಕೀತು, ಬಯಲುಸೀಮೆಯವರು ಆಸೆ ಇಟ್ಟುಕೊಳ್ಳಬೇಡಿ.

3. ಹೂವು

ಒಂದೇ ಸುತ್ತಿನ ಎಸಳಿರುವ ಹೂವನ್ನು ಆರಿಸಿ. ಎಸಳೇ ತುಂಬಿಕೊಂಡಿರುವ ಹೂವು ನೋಡಲು ಚೆಂದ, ಆದರೆ ಚಿಟ್ಟೆ, ಜೇನಿನ ನಾಲಿಗೆಗೆ ದಾರಿಯೇ ಸಿಗುವುದಿಲ್ಲ. ಐದೆಸಳಿನ ಕೆಂಪು ದಾಸವಾಳ, ಕೇಪಳ, ರತ್ನಗಂಧಿ ಸಾಕು. ತುಳಸಿಯ ತೆನೆಯನ್ನೆಲ್ಲ ಚಿವುಟಬೇಡಿ, ಅರ್ಧ ಜೇನಿಗೆ ಬಿಡಿ. ಹಿತ್ತಲಲ್ಲಿ ಬಾಳೆ ಇದ್ದರೆ ಅದರ ಮೂತಿಗೇ ಸೂರಕ್ಕಿ ಜೋತುಬೀಳುತ್ತದೆ.

ಲಾಂಟಾನ ಮಾತ್ರ ತರಬೇಡಿ. ಚಿಟ್ಟೆ ಮುತ್ತುತ್ತವೆ, ನಿಜ. ಆದರೆ ಹಣ್ಣು ತಿಂದ ಹಕ್ಕಿ ಬೀಜವನ್ನು ಎಲ್ಲೆಲ್ಲೋ ಉದುರಿಸುತ್ತದೆ. ಬಂಡೀಪುರದ ಕಾಡಿನಲ್ಲಿ ಈ ಅಮೆರಿಕದ ಪೊದೆ ಹುಲ್ಲಿನ ಜಾಗ ನುಂಗಿರುವುದನ್ನು ನೋಡಿದವರು ಇದನ್ನು ಕುಂಡದಲ್ಲಿಡಲು ಒಪ್ಪಲಾರರು.

4. ನೀರು, ಆದರೆ ಸೊಳ್ಳೆಗಲ್ಲ

ಎರಡು ಇಂಚಿಗಿಂತ ಆಳವಿಲ್ಲದ ಅಗಲ ಮಣ್ಣಿನ ತಟ್ಟೆ, ನಡುವೆ ಕೂರಲು ಒಂದು ಒರಟು ಕಲ್ಲು. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ತಟ್ಟೆಯನ್ನು ನಾರಿನಿಂದ ಉಜ್ಜಿ. ಬರೀ ನೀರು ಬದಲಿಸಿದರೆ ಸಾಲದು. ಡೆಂಗಿ ಹರಡುವ ಸೊಳ್ಳೆ ಪಾತ್ರೆಯ ಗೋಡೆಗೆ ಮೊಟ್ಟೆ ಅಂಟಿಸುತ್ತದೆ, ಒಣಗಿದರೂ ಅವು ತಿಂಗಳುಗಟ್ಟಲೆ ಬದುಕಿರುತ್ತವೆ.

ಇನ್ನೊಂದು ತಟ್ಟೆಯಲ್ಲಿ ಮರಳು ಹಾಕಿ, ಚಿಟಿಕೆ ಉಪ್ಪು ಬೆರೆಸಿ ಒದ್ದೆ ಮಾಡಿಡಿ. ಗಂಡು ಚಿಟ್ಟೆಗಳು ಲವಣಕ್ಕಾಗಿ ಬಂದು ಕೂರಬಹುದು.

5. ಒಂದು ಮೂಲೆಯನ್ನು ಗುಡಿಸಬೇಡಿ

ಅತ್ತೆ ಮಾವ, ಅಕ್ಕಪಕ್ಕದವರು ಎಲ್ಲರೂ ಮಾತಾಡುವುದು ಇದಕ್ಕೇ. ಆದರೂ ತರಗೆಲೆಗೆ ಬೆಂಕಿ ಹಚ್ಚಬೇಡಿ. ಬಾಗಿಲಿನಿಂದ ದೂರದ ಒಂದು ಮೂಲೆಯಲ್ಲಿ ಗುಡ್ಡೆ ಹಾಕಿ. ಕಪ್ಪೆ, ಹಾವುರಾಣಿ ಅಲ್ಲಿ ಸೇರುತ್ತವೆ. ಮಡಿವಾಳ ಹಕ್ಕಿ ಎಲೆ ಎತ್ತಿ ಹಾಕಿ ಹುಳ ಹುಡುಕುತ್ತದೆ. ಹಾವಿನ ಭಯ ಇರುವವರು ಎಲೆಗಿಂತ ಚೆಲ್ಲಿದ ಅಕ್ಕಿ, ಅನ್ನದ ಕಡೆ ಗಮನ ಕೊಡಿ, ಹಾವು ಬರುವುದು ಹೆಚ್ಚಾಗಿ ಇಲಿಗಾಗಿ. ಗುಡ್ಡೆಯೊಳಗೆ ಮಾತ್ರ ಬರಿಗೈ ಹಾಕಬೇಡಿ. ನಾಲ್ಕು ಚದರಡಿ ಮಣ್ಣನ್ನು ಬರಿದಾಗಿ ಬಿಟ್ಟರೆ ಗುಬ್ಬಚ್ಚಿಗೆ ಧೂಳಿನ ಸ್ನಾನವಾಯಿತು. ಒಣ ಬಿದಿರಿನ ತುಂಡು ಕಟ್ಟಿಟ್ಟರೆ ಕಪ್ಪು ಬಡಗಿ ದುಂಬಿ ಕೊರೆದು ಗೂಡು ಮಾಡೀತು.

6. ಗೂಡು

ಗುಬ್ಬಚ್ಚಿಗೆ ಮರದ ಪೆಟ್ಟಿಗೆ ಇಡುವುದಾದರೆ ತೂತು ಒಂದೂಕಾಲು ಇಂಚು ಇರಲಿ. ಎಂಟು-ಹತ್ತು ಅಡಿ ಎತ್ತರ, ಮಧ್ಯಾಹ್ನದ ಬಿಸಿಲು ತಾಗದ ಗೋಡೆ, ಬೆಕ್ಕಿಗೆ ಎಟುಕದ ಜಾಗ. ಸೂರಕ್ಕಿಗೆ ಪೆಟ್ಟಿಗೆ ಬೇಡ. ಅದು ಜೇಡರ ಬಲೆಯ ಎಳೆಯಿಂದ ತೂಗುಗೂಡು ಕಟ್ಟುತ್ತದೆ, ಹಾಗಾಗಿ ಹೊರಗಿನ ಬಲೆಗಳನ್ನೆಲ್ಲ ತೆಗೆಯಬೇಡಿ. ಟುವ್ವಿ ಹಕ್ಕಿ ಅಗಲ ಎಲೆಗಳನ್ನು ಹೊಲಿದು ಗೂಡು ಮಾಡುತ್ತದೆ, ಬದನೆ ಗಿಡವಾದರೂ ಆದೀತು. ಟೊಂಗೆ ಸವರುವ ಮುನ್ನ ಒಳಗೆ ಇಣುಕಿ ನೋಡಿ. ಗೂಡು ಕಂಡರೆ ಕತ್ತರಿ ಎತ್ತಿಡಿ, ಮೊಬೈಲನ್ನೂ.

ಪುಕ್ಕ ಬಂದ ಮರಿ ನೆಲದಲ್ಲಿ ಕುಪ್ಪಳಿಸುತ್ತಿದ್ದರೆ ಒಳಗೆ ತಂದು ಹಾಲು, ಅನ್ನ ತಿನ್ನಿಸಬೇಡಿ. ಅದು ಹಾರಲು ಕಲಿಯುತ್ತಿದೆ. ಹತ್ತಿರದ ಟೊಂಗೆಯ ಮೇಲಿಟ್ಟು ದೂರ ಸರಿಯಿರಿ. ಮನುಷ್ಯರು ಮುಟ್ಟಿದರೆ ತಾಯಿ ಹತ್ತಿರ ಸೇರಿಸುವುದಿಲ್ಲ ಅನ್ನುವುದು ಸುಳ್ಳು. ಬೆಕ್ಕು ಸಾಕಿದ್ದರೆ ಅವತ್ತೊಂದು ದಿನ ಅದನ್ನು ಮನೆಯೊಳಗೆ ಕೂಡಿಹಾಕಿ.